1876ರ ನಾಟಕ ಕಾಯಿದೆ: ಮೂರನೇ ಕಲಮಿಗೊಂದು ಟೀಕು

‘ಸರಕಾರ ಅಭಿಪ್ರಾಯಪಟ್ಟಲ್ಲಿ’: ಸಾಕ್ಷಿ ಬೇಡ, ವಿಚಾರಣೆ ಬೇಡ, ಮೇಲಿನವರಿಗೆ ಹಾಗನ್ನಿಸಿದರೆ ಸಾಕು. ಕಲ್ಕತ್ತೆಯಲ್ಲಿ ಹಾಗನ್ನಿಸಿದ್ದು 1876ರ ಫೆಬ್ರವರಿಯಲ್ಲಿ. ಜಗದಾನಂದ ಮುಖರ್ಜಿ ಎಂಬ ವಕೀಲರು ವೇಲ್ಸಿನ ರಾಜಕುಮಾರನನ್ನು ಮನೆಗೆ ಕರೆದು, ಒಳಮನೆಯ ಹೆಂಗಸರಿಂದ ಸ್ವಾಗತ ಮಾಡಿಸಿದ್ದರು. ಗ್ರೇಟ್ ನ್ಯಾಷನಲ್ ಥಿಯೇಟರಿನವರು ಅದನ್ನೇ ‘ಗಜದಾನಂದ’ ಎಂಬ ಪ್ರಹಸನ ಮಾಡಿ ಆಡಿದರು. ಪೊಲೀಸರು ತಡೆದರು. ಹೆಸರು ಬದಲಿಸಿ ‘ಹನುಮಾನ್ ಚರಿತ್ರ’ ಎಂದು ಮತ್ತೆ ಆಡಿದರು. ತಿಂಗಳ ಕೊನೆಗೆ ವೈಸ್‌ರಾಯ್ ನಾರ್ತ್‌ಬ್ರೂಕ್ ಸುಗ್ರೀವಾಜ್ಞೆಯನ್ನೇ ಹೊರಡಿಸಿದ. ಹನುಮಂತನ ಮೇಲೆ ಸುಗ್ರೀವಾಜ್ಞೆ! ಈ ತಮಾಷೆ ಕನ್ನಡದವರಿಗಷ್ಟೇ ಹೊಳೆದೀತು. ಕಂಪನಿಯವರು ಆಡಿದ ಇನ್ನೊಂದು ಪ್ರಹಸನದ ಹೆಸರು ‘ಹಂದಿ-ಕುರಿಗಳ ಪೊಲೀಸು’. ಕಮಿಷನರ್ ಹೆಸರು ಹಾಗ್, ಸೂಪರಿಂಟೆಂಡೆಂಟ್ ಹೆಸರು ಲ್ಯಾಂಬ್, ಅರ್ಥ ಬಿಡಿಸಬೇಕಿಲ್ಲ. ಡಿಸೆಂಬರಿನಲ್ಲಿ ಕಾಯಿದೆ ಬಂತು, ತೆಗೆದುಹಾಕಿದ್ದು 2018ರಲ್ಲಿ.

‘ಯಾವುದೇ ನಾಟಕ, ಮೂಕಾಭಿನಯ’: ಬಾಯಿಬಿಡದ ಆಟವನ್ನೂ ಬಿಟ್ಟಿಲ್ಲ, ನೋಡಿ. ಕರಡು ಬರೆದವನಿಗೆ ರಂಗದ ಗುಟ್ಟು ಗೊತ್ತಿತ್ತು. ಹಸ್ತಪ್ರತಿಯಲ್ಲಿ ಮಾತನ್ನು ಹೊಡೆದುಹಾಕಬಹುದು. ನಟ ಹುಬ್ಬು ಹಾರಿಸಿದರೆ ಎಲ್ಲಿಗೆ ಗೀಟು ಹಾಕುವುದು?

‘ಆಡಿದ ಅಥವಾ ಆಡಲಿರುವ’: ಪರದೆ ಏಳುವ ಮೊದಲೇ ಅಡ್ಡಿ. ಕಲಮಿನ ಹಲ್ಲಿರುವುದು ಇಲ್ಲಿ.

‘ಮಾನಹಾನಿಕರ’, ‘ನೋಡುವವರನ್ನು ಕೆಡಿಸುವ’: ಹಳೆಯ ಸಬೂಬುಗಳು, ಮುಂದೆ ಹೋಗೋಣ.

‘ಸರಕಾರದ ಬಗ್ಗೆ ಅಪ್ರೀತಿ ಹುಟ್ಟಿಸುವ’: ಪ್ರೀತಿಯನ್ನೂ ಕಂದಾಯದಂತೆ ವಸೂಲು ಮಾಡುವ ಮಾತು. ಖಾಡಿಲ್ಕರರ ಮರಾಠಿ ನಾಟಕ ‘ಕೀಚಕವಧ’ ಇಂಥ ಕಣ್ಗಾವಲಿನ ನಡುವೆಯೇ 1907ರಲ್ಲಿ ರಂಗಕ್ಕೆ ಬಂತು. ವಿರಾಟನ ಮನೆ, ಸೈರಂಧ್ರಿ, ಭೀಮ. ನಮ್ಮಲ್ಲಿ ಗಮಕಿಗಳು ಓದುವ ಕಥೆಯೇ. ಪ್ರೇಕ್ಷಕರು ಮಾತ್ರ ಕೀಚಕನಲ್ಲಿ ವೈಸ್‌ರಾಯ್ ಆಗಿದ್ದ ಕರ್ಜನ್ನನನ್ನು ಕಂಡರು, ಸೈರಂಧ್ರಿಯಲ್ಲಿ ದೇಶವನ್ನು. 1910ರಲ್ಲಿ ಮುಂಬಯಿ ಸರಕಾರ ನಾಟಕವನ್ನು ನಿಷೇಧಿಸಿತು. ಹಾಗೆ ನಿಷೇಧಿಸಿ, ಕೀಚಕ ತಾನೇ ಎಂದು ಸರಕಾರವೇ ಒಪ್ಪಿಕೊಂಡಂತಾಯಿತಲ್ಲ!

‘ಜಾತ್ರಾಗಳಿಗೆ ಅನ್ವಯಿಸದು’: ಇದು ಹನ್ನೆರಡನೇ ಕಲಮು, ನನ್ನ ವ್ಯಾಪ್ತಿಗೆ ಹೊರಗಿನದು, ಆದರೂ ಬಿಡಲು ಮನಸ್ಸಿಲ್ಲ. ಜಾತ್ರಾ ಎಂದರೆ ಬಂಗಾಳದ ಬಯಲಾಟ. ದೇವರ ಉತ್ಸವದ ಆಟ ತಾನೇ ಎಂದು ಬಿಟ್ಟುಕೊಟ್ಟಿದ್ದರು. ಸ್ವದೇಶಿ ಚಳವಳಿಯ ಹೊತ್ತಿಗೆ ಬಾರಿಸಾಲಿನ ಮುಕುಂದ ದಾಸರು ಮೇಳ ಕಟ್ಟಿಕೊಂಡು, ಅದೇ ಜಾತ್ರಾದಲ್ಲಿ ದೇಶದ ಹಾಡು ಹಾಡುತ್ತ ಊರೂರು ತಿರುಗಿದರು. ಅವರನ್ನು ಜೈಲಿಗೆ ಹಾಕಲು ಸರಕಾರ ರಾಜದ್ರೋಹದ ಕಲಮಿಗೆ ಕೈಹಾಕಬೇಕಾಯಿತು.