ಚಿತ್ರಕಾರ ನಿಂತ ಜಾಗ

ಭೂಕಂಪದ್ದೋ ಜ್ವಾಲಾಮುಖಿಯದೋ ಹಳೆಯ ಚಿತ್ರ ಸಿಕ್ಕಿದರೆ ನಾನು ಮೊದಲು ಹುಡುಕುವುದು ಒಂದೇ: ಇದನ್ನು ಬರೆದವನು ಎಲ್ಲಿ ನಿಂತಿದ್ದ? ಬೆಂಕಿ, ಹೊಗೆ, ಓಡುವ ಜನ ಆಮೇಲೆ.

1755ರ ನವೆಂಬರ್ 1ರಂದು ಲಿಸ್ಬನ್ ನಡುಗಿತು. ಹಿಂದೆಯೇ ಸಮುದ್ರ ನುಗ್ಗಿತು, ಉಳಿದದ್ದನ್ನು ಬೆಂಕಿ ತಿಂದಿತು. ಯುರೋಪಿನ ಊರೂರುಗಳಲ್ಲಿ ಆ ದುರಂತದ ಅಚ್ಚುಚಿತ್ರಗಳು ಹೊರಬಂದವು. ಅವುಗಳಲ್ಲಿ ಎಷ್ಟೋ ಲಿಸ್ಬನ್ನನ್ನು ಕಾಣದ ಕೆತ್ತನೆಗಾರರ ಕೆಲಸ. ಗುರುತು ಹಿಡಿಯುವುದು ಕಷ್ಟವಲ್ಲ. ಅವರ ಗೋಪುರಗಳು ಗಾಳಿಗೆ ಸಿಕ್ಕ ತೆಂಗಿನಮರದಂತೆ ಇಡಿಯಾಗಿ ವಾಲುತ್ತವೆ. ಕಲ್ಲು ಗಾರೆಯ ಕಟ್ಟಡ ಹಾಗೆ ಬೀಳುವುದಿಲ್ಲ. ಸಂದು ಬಿಟ್ಟು, ಬಿರಿದು, ಉದುರುತ್ತದೆ. 1757ರಲ್ಲಿ ಪ್ಯಾರಿಸ್ಸಿನ ಲ ಬಾ ಎಂಬ ಕೆತ್ತನೆಗಾರ ಪ್ರಕಟಿಸಿದ ಆರು ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಒಪೆರಾ ಮಂದಿರದ ಚಾವಣಿ ಹೋಗಿದೆ, ಗೋಡೆಗಳು ಬಾಯಿಬಿಟ್ಟಿವೆ. ಅಳಿದುಳಿದ ಗೋಡೆಯ ಮುಂದೆ ನಿಂತು ನೋಡಿದ ಕಣ್ಣು ಅಲ್ಲಿದೆ.

ನನ್ನ ಮಟ್ಟಿಗೆ ಈ ಬಗೆಯ ಚಿತ್ರಗಳ ಶಿಖರ ಇರುವುದು ನೇಪಲ್ಸ್‌ನಲ್ಲಿ. 1764ರಲ್ಲಿ ಬ್ರಿಟನ್ನಿನ ರಾಯಭಾರಿಯಾಗಿ ಅಲ್ಲಿಗೆ ಹೋದ ವಿಲಿಯಂ ಹ್ಯಾಮಿಲ್ಟನ್ ವೆಸೂವಿಯಸ್ ಜ್ವಾಲಾಮುಖಿಗೆ ಮನಸೋತ. ಮತ್ತೆ ಮತ್ತೆ ಬೆಟ್ಟ ಹತ್ತಿದ, ಕಂಡದ್ದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಗಳಲ್ಲಿ ಬರೆದ. ಮಾತು ಸಾಲದೆಂದು ಪಿಯೆತ್ರೊ ಫಾಬ್ರಿಸ್ ಎಂಬ ಚಿತ್ರಕಾರನನ್ನು ಜೊತೆಗೆ ಕರೆದೊಯ್ದ. 1776ರಲ್ಲಿ ಬಂದ ‘ಕ್ಯಾಂಪಿ ಫ್ಲೆಗ್ರೇಯಿ’ ಗ್ರಂಥದಲ್ಲಿ ಪತ್ರಗಳ ಜೊತೆಗೆ 54 ಚಿತ್ರಗಳಿವೆ. ತಾಮ್ರದ ತಗಡಿನಿಂದ ತಿಳಿಯಾದ ಗೆರೆಯನ್ನಷ್ಟೇ ಅಚ್ಚು ಹಾಕಿ, ಒಂದೊಂದು ಪ್ರತಿಗೂ ಕೈಯಿಂದಲೇ ಬಣ್ಣ ತುಂಬಿದರು. ಹಾಗಾಗಿ ಅಚ್ಚಿನ ಚಿತ್ರವೂ ಕುಂಚದ ಮೂಲಚಿತ್ರದಂತೆ ಕಾಣುತ್ತದೆ.

1771ರ ಮೇ 11ರ ರಾತ್ರಿಯ ಚಿತ್ರ ಎಲ್ಲರಿಗೂ ಪ್ರಿಯ. ಹ್ಯಾಮಿಲ್ಟನ್ ನೇಪಲ್ಸ್‌ನ ರಾಜರಾಣಿಯರನ್ನು ಲಾವಾ ತೋರಿಸಲು ಕರೆತಂದಿದ್ದಾನೆ. ಕಗ್ಗತ್ತಲಲ್ಲಿ ಕೆಂಪು ಹೊಳೆ ಧುಮುಕುತ್ತಿದೆ. ಅದರೆದುರು ಅರಸೊತ್ತಿಗೆಯೆಲ್ಲ ಬೆರಳುಗಾತ್ರ. ಆ ಪುಟ್ಟ ಮನುಷ್ಯರಿಂದಲೇ ಲಾವಾದ ಅಗಾಧತೆಯ ಅಳತೆ ಸಿಗುತ್ತದೆ.

ಆದರೂ ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಬೆಂಕಿಯ ಅಬ್ಬರವಿಲ್ಲದ ಇನ್ನೊಂದು ಹಾಳೆ. ಅದರಲ್ಲಿ 1767ರ ಜುಲೈ 8ರಿಂದ ಅಕ್ಟೋಬರ್ 29ರವರೆಗೆ ವೆಸೂವಿಯಸ್ಸಿನ ನೆತ್ತಿ ಬದಲಾದ ಬಗೆ ಹಂತಹಂತವಾಗಿ ಇದೆ. ಕುಳಿಯೊಳಗೆ ಒಂದು ಚಿಕ್ಕ ಗುಡ್ಡ ಹುಟ್ಟಿ, ಬೆಳೆದು, ಅಂಚು ಮೀರಿ ತಲೆ ಎತ್ತುತ್ತದೆ. ಅಕ್ಟೋಬರ್ 19ರಂದು ಬೆಟ್ಟ ಸಿಡಿಯಿತು; ಆ ದಿನ ಮೇಲೆಯೇ ಇದ್ದ ಹ್ಯಾಮಿಲ್ಟನ್ ಓಡಿ ಪಾರಾದ. ಸ್ಫೋಟದ ಕ್ಷಣವನ್ನು ಚಿತ್ರಿಸಿದವರು ಬೇಕಾದಷ್ಟು ಮಂದಿ. ಅದಕ್ಕೆ ಮುಂಚಿನ ತಿಂಗಳುಗಳನ್ನು ತಾಳ್ಮೆಯಿಂದ ಕಾದು ಗುರುತಿಸಿದ್ದು ಈ ಹಾಳೆಯ ಹಿರಿಮೆ.

ಅದೇ ತಾಳ್ಮೆಯನ್ನು ನಮ್ಮ ನೆಲದಲ್ಲಿ ತೋರಿದವರು ಭೂವಿಜ್ಞಾನಿ ರಿಚರ್ಡ್ ಓಲ್ಡ್‌ಹ್ಯಾಂ. 1897ರ ಜೂನ್ 12ರ ಅಸ್ಸಾಂ ಭೂಕಂಪದ ಬಗ್ಗೆ ಅವರು 1899ರಲ್ಲಿ ಪ್ರಕಟಿಸಿದ ವರದಿಯಲ್ಲಿ ಛಾತಕದ ಒಂದು ಸ್ಮಾರಕಸ್ತಂಭದ ಚಿತ್ರವಿದೆ. ಈಗ ಆ ಊರು ಬಾಂಗ್ಲಾದೇಶಕ್ಕೆ ಸೇರಿದೆ. ಸ್ತಂಭದ ತುದಿ ಮುರಿದುಬಿದ್ದಿದೆ, ಉಳಿದ ಭಾಗ ಬುಡದ ಮೇಲೆ ತಿರುಚಿ ನಿಂತಿದೆ. ನೆಲ ಆಡಿದ ಪರಿಯನ್ನು ಆ ಕಲ್ಲೇ ಬರೆದಿಟ್ಟುಕೊಂಡಿದೆ.

ಹ್ಯಾಮಿಲ್ಟನ್ನನ ಗ್ರಂಥದ ಹಾಳೆಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ. 1767ರ ಹಾಳೆ ಸಿಕ್ಕಿದರೆ ಒಮ್ಮೆಗೇ ಇಡಿಯಾಗಿ ನೋಡಬೇಡಿ. ಜುಲೈ ತಿಂಗಳ ಗೆರೆಯನ್ನು ಬಿಟ್ಟು ಉಳಿದದ್ದನ್ನು ಕೈಯಿಂದ ಮುಚ್ಚಿ, ಒಂದೊಂದಾಗಿ ತೆರೆಯುತ್ತ ಬನ್ನಿ. ಬೆಟ್ಟ ನಿಮ್ಮ ಬೆರಳಂಚಿನಲ್ಲೇ ಬೆಳೆಯುತ್ತದೆ.