ತಿನ್ತಿದ್ದಾನೆ, ತಿನ್ತಿರ್ತಾನೆ

ಅಮೆರಿಕದ ವಾಕ್-ಭಾಷೆ-ಶ್ರವಣ ಸಂಘ 1983ರಲ್ಲಿ ಹೊರಡಿಸಿದ ನಿಲುವು ಪತ್ರಕ್ಕೆ ಆ ವೃತ್ತಿಯಲ್ಲಿ ದೊಡ್ಡ ಹೆಸರು. ಇಂಗ್ಲಿಷಿನ ಯಾವ ಉಪಭಾಷೆಯೂ ದೋಷವಲ್ಲ ಎಂದು ಅದು ಸಾರಿತು. ಭಾಷಾವಿಜ್ಞಾನಿ ಲಬೋವ್ 1969ರಲ್ಲೇ ವಾದಿಸಿದ್ದ, ಕಪ್ಪು ಮಕ್ಕಳ ಪರವಾಗಿ ಶಾಲೆಯ ಮೇಲೆ ಹೂಡಿದ್ದ ಆನ್ ಆರ್ಬರ್ ಮೊಕದ್ದಮೆಯಲ್ಲಿ 1979ರಲ್ಲೇ ನ್ಯಾಯಾಲಯ ಮನ್ನಿಸಿದ್ದ ಮಾತು ಅದು. ತಡವಾದದ್ದನ್ನು ಬಿಡೋಣ. ಕಪ್ಪು ಜನರ ಇಂಗ್ಲಿಷ್ ಆಡುವ ಮಗುವಿಗೂ ನಿಜವಾದ ಭಾಷಾದೋಷ ಇರಬಹುದಲ್ಲ? ಎರಡನ್ನೂ ಬೇರ್ಪಡಿಸಿ ನೋಡಿ ಎಂದು ಪತ್ರ ಥೆರಪಿಸ್ಟರಿಗೆ ಹೇಳಿತು. ನೋಡುವ ಕಣ್ಣನ್ನು ಮಾತ್ರ ಕೊಡಲಿಲ್ಲ.

ಆ ಜಾಗಕ್ಕೆ ಬಂದದ್ದು ರಿಯಾಯಿತಿ ಅಂಕ. ಮಗು 'ಹೀ ವಾಕ್ಸ್' ಎನ್ನುವಲ್ಲಿ 'ಹೀ ವಾಕ್' ಎಂದರೆ ತಪ್ಪೆಂದು ಎಣಿಸಬೇಡಿ ಎಂಬ ಉಪಾಯ. ನ್ಯಾಯವಾಗಿಯೇ ಕಾಣುತ್ತದೆ. ಕಪ್ಪು ಜನರ ಇಂಗ್ಲಿಷಿನಲ್ಲಿ ಆ 'ಸ್' ಪ್ರತ್ಯಯ ಬೇಕಿಲ್ಲ. ಆದರೆ ಭಾಷಾದೋಷವಿರುವ ಮಗು ಬಿಟ್ಟುಬಿಡುವುದೂ ಇದೇ ಪ್ರತ್ಯಯವನ್ನು. ಅದನ್ನು ಎಣಿಸಿದರೆ ಆರೋಗ್ಯವಂತ ಮಗು ರೋಗಿಯಾಗುತ್ತದೆ, ಎಣಿಸದಿದ್ದರೆ ನೆರವು ಬೇಕಾದ ಮಗು ಕಣ್ತಪ್ಪಿ ಹೋಗುತ್ತದೆ. ಅಂಕ ಹೇಗೆ ಹಾಕಿದರೂ ಇದು ಸರಿಹೋಗದು, ಪ್ರಶ್ನೆಯೇ ಬೇರೆಯಾಗಬೇಕು.

ಹಾಗೆ ಬೇರೆ ಪ್ರಶ್ನೆ ಕೇಳಿದವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಹ್ಯಾರಿ ಸೀಮೋರ್ ಮತ್ತು ಅವರ ಜತೆಯವರಾದ ಥಾಮಸ್ ರೋಪರ್, ಜಿಲ್ ಡಿ ವಿಲಿಯರ್ಸ್. 2003, 2005ರಲ್ಲಿ ಹೊರಬಂದ ಅವರ 'ಡೆಲ್ವ್' ಪರೀಕ್ಷೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. ದೋಷವನ್ನು ಹುಡುಕುವಾಗ ಅದು ಶಾಲೆಯ ಇಂಗ್ಲಿಷು, ಕಪ್ಪು ಜನರ ಇಂಗ್ಲಿಷು ಎರಡಕ್ಕೂ ಸಮಾನವಾದ ನೆಲದ ಮೇಲೆ ನಿಲ್ಲುತ್ತದೆ. ಯಾರು ಏನು ತಿಂದರು ಎಂಬಂಥ ಜೋಡಿ ಪ್ರಶ್ನೆ, ಕರ್ಮಣಿ ವಾಕ್ಯ, ಹೊಸ ಕ್ರಿಯಾಪದವನ್ನು ಸಂದರ್ಭದಿಂದ ಹಿಡಿಯುವುದು, ಒಂದು ಪುಟ್ಟ ಕಥೆ. ಮಗು ಯಾವ ಮನೆಯದಾದರೂ ಇವುಗಳಲ್ಲಿ ಎಡವಿದರೆ ಎಡವಿದಂತೆಯೇ.

ಕಪ್ಪು ಜನರ ಇಂಗ್ಲಿಷಿಗೆ ತನ್ನದೇ ವ್ಯಾಕರಣವಿದೆ ಎಂದು ತೋರಿಸುವ, ಅದೇ ವಿಶ್ವವಿದ್ಯಾಲಯದಲ್ಲಿ ಜಾನಿಸ್ ಜಾಕ್ಸನ್ ನಡೆಸಿದ ಪ್ರಯೋಗವೊಂದಿದೆ. ಚಿತ್ರದಲ್ಲಿ ಮಕ್ಕಳ ಟಿ.ವಿ. ಕಾರ್ಯಕ್ರಮದ ಬಿಸ್ಕತ್ತುಬಾಕ ಕುಕಿ ಮಾನ್‌ಸ್ಟರ್ ಕಾಯಿಲೆ ಬಿದ್ದು ಮಲಗಿದ್ದಾನೆ, ಅವನ ಜತೆಗಾರ ಎಲ್ಮೊ ಬಿಸ್ಕತ್ತು ತಿನ್ನುತ್ತಿದ್ದಾನೆ. 'ಹೂ ಈಸ್ ಈಟಿಂಗ್ ಕುಕೀಸ್' ಎಂದರೆ ಎಲ್ಲ ಮಕ್ಕಳೂ ಎಲ್ಮೊನನ್ನು ತೋರಿಸುತ್ತಾರೆ. 'ಹೂ ಬಿ ಈಟಿಂಗ್ ಕುಕೀಸ್' ಎಂದಾಗ ಬಿಳಿಯ ಮಕ್ಕಳ ಬೆರಳು ಎಲ್ಮೊನಲ್ಲೇ ನಿಲ್ಲುತ್ತದೆ, ಕಪ್ಪು ಮಕ್ಕಳದು ಹೆಚ್ಚಾಗಿ ಮಲಗಿರುವವನತ್ತ ಹೋಗುತ್ತದೆ. ಕನ್ನಡ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಈಗ ತಿನ್ತಿದ್ದಾನೆ, ಇನ್ನೊಬ್ಬ ಯಾವಾಗಲೂ ತಿನ್ತಿರ್ತಾನೆ. ಶಾಲೆಯ ಇಂಗ್ಲಿಷು ಇಷ್ಟು ಸಲೀಸಾಗಿ ತೋರಿಸಲಾಗದ ಭೇದವನ್ನು ಆ ಮಕ್ಕಳ ವ್ಯಾಕರಣ ಒಂದೇ 'ಬಿ'ಯಲ್ಲಿ ತೋರಿಸುತ್ತದೆ.

ಡೆಲ್ವ್ ಪೂರ್ಣವಲ್ಲ ನಿಜ. ಅದರ ಮುಖ್ಯ ಪರೀಕ್ಷೆ 4ರಿಂದ 9 ವರ್ಷದ ಮಕ್ಕಳಿಗೆ ಮಾತ್ರ. ಆದರೆ ವೃತ್ತಿಯಲ್ಲಿ ಕಪ್ಪು ಜನರ ಸಂಖ್ಯೆ ಹೆಚ್ಚಿದರೆ ಸಾಕು, ಪರೀಕ್ಷೆಗಳ ಗೊಡವೆ ಆಮೇಲೆ ಎನ್ನುವ ವಿಮರ್ಶಕರನ್ನು ನಾನು ಒಪ್ಪಲಾರೆ. ಸಂಘದ ಸದಸ್ಯರಲ್ಲಿ ನೂರಕ್ಕೆ ಸುಮಾರು 90 ಮಂದಿ ಬಿಳಿಯರು. ಇದು ಬದಲಾಗಲೇಬೇಕು. ಆದರೆ ಚರ್ಮದ ಬಣ್ಣ ಕಿವಿಯನ್ನು ತಿದ್ದುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ಅಮೆರಿಕಕ್ಕೆ ಹೋದ ನಮ್ಮವರೂ ಶಾಲೆಯ ಇಂಗ್ಲಿಷನ್ನೇ ಸರಿಯೆಂದು ನಂಬಿ ಬೆಳೆದವರು. ಕಿವಿಯಂತೆ ಅಳತೆಗೋಲೂ ಬದಲಾಗಬೇಕು: 1959ರ ಪೀಬಾಡಿ ಚಿತ್ರ-ಪದ ಪರೀಕ್ಷೆಯ ಅಳತೆಗೋಲು ನ್ಯಾಶ್‌ವಿಲ್ ಸುತ್ತಮುತ್ತಲಿನ ಬಿಳಿಯ ಮಕ್ಕಳಿಂದ ಮಾತ್ರ ತಯಾರಾಗಿತ್ತು. ಅಂಥ ಕೋಲು ಕೈಯಲ್ಲಿದ್ದರೆ ಕಪ್ಪು ಥೆರಪಿಸ್ಟ್ ಅಳೆದರೂ ಎದುರಿನ ಕಪ್ಪು ಮಗು ಗಿಡ್ಡವಾಗಿಯೇ ಕಾಣುತ್ತದೆ.