ವಾಣಿಜ್ಯದ ಸಾಮಾಜಿಕ ಹೊಣೆ: ಬಳ್ಳಿಗಾವೆಯ ಶಾಸನಗಳ ಬೆಳಕಿನಲ್ಲಿ ಒಂದು ವಿಮರ್ಶೆ

ಪ್ರಾಚೀನ ಕರ್ಣಾಟಕದ ವರ್ತಕಸಂಘಗಳು ದೇವಾಲಯ, ಮಠ, ಕೆರೆಗಳಿಗೆ ಬಿಟ್ಟ ದತ್ತಿಗಳೇ ಇಂದಿನ ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆಯ ಮೂಲರೂಪವೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಮಾತು ಹಿತವಾದುದು, ಆದರೆ ಹಿತವಾದುದೆಲ್ಲ ಸಿದ್ಧವಾದುದಲ್ಲ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಆಧಾರಗಳನ್ನು ಮುಂದಿಟ್ಟುಕೊಂಡು ಈ ಹೋಲಿಕೆಯ ಬಲಾಬಲಗಳನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಇಂದಿನ ಕಟ್ಟಳೆ. 2013ರ ಕಂಪೆನಿಗಳ ಅಧಿನಿಯಮದ 135ನೆಯ ಪ್ರಕರಣವು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 500 ಕೋಟಿ ರೂಪಾಯಿಗಳ ನಿವ್ವಳ ಸಂಪತ್ತು, 1000 ಕೋಟಿಯ ವಹಿವಾಟು, ಇಲ್ಲವೆ 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಲೋಕೋಪಯೋಗಿ ಕಾರ್ಯಗಳಿಗೆ ವಿನಿಯೋಗಿಸತಕ್ಕದ್ದು. ಆ ಕಾರ್ಯಗಳ ಬಗೆಗಳನ್ನು 7ನೆಯ ಅನುಸೂಚಿ ಹೇಳುತ್ತದೆ. ತಾನು ನಡೆಯುವ ಪ್ರದೇಶಕ್ಕೆ ಕಂಪೆನಿಯು ಆದ್ಯತೆ ಕೊಡಬೇಕೆಂಬ ಮಾತೂ ಕಾಯಿದೆಯಲ್ಲಿದೆ.

ಇನ್ನು ಶಾಸನಗಳು. ಶಿಕಾರಿಪುರ ತಾಲ್ಲೂಕಿನವನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ 7ನೆಯ ಸಂಪುಟದಲ್ಲಿಯೂ ಸೊರಬದವನ್ನು 1904ರಲ್ಲಿ 8ನೆಯದರಲ್ಲಿಯೂ ಪ್ರಕಟಿಸಿದರು. ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿದ್ದ ಬಳ್ಳಿಗಾವೆಯಲ್ಲಿ ಅಯ್ಯಾವೊಳೆಯ ಐನೂರ್ವರು, ಮುಮ್ಮುರಿದಂಡ, ನಖರ ಮೊದಲಾದ ವರ್ತಕಸಮೂಹಗಳಿದ್ದುವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೋಡಿಯಮಠವು ವಿದ್ಯಾಸ್ಥಾನವೂ ಅನ್ನಸತ್ರವೂ ರೋಗಿಗಳ ಆರೈಕೆಯ ತಾಣವೂ ಆಗಿತ್ತೆಂದು ಸಾರುವ 1162ರ ಪ್ರಸಿದ್ಧ ಶಾಸನವು ಕಳಚುರಿ ಬಿಜ್ಜಳನ ದತ್ತಿಯನ್ನು ಕುರಿತದ್ದು. ಅದು ಅರಸನ ದಾನ. ಅದನ್ನು ವರ್ತಕರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ವರ್ತಕರ ದತ್ತಿಗಳ ಲಕ್ಷಣವೇ ಬೇರೆ. ಅವರು ಬಹುಮಟ್ಟಿಗೆ ತಮ್ಮ ಸರಕಿನ ಮೇಲೆ ಆಯವನ್ನು ಬಿಡುತ್ತಿದ್ದರು: ಅಡಕೆಗೆ ಇಷ್ಟು, ಎಲೆಯ ಹೇರಿಗೆ ಇಷ್ಟು, ಎಣ್ಣೆಗೆ ಇಷ್ಟು, ಎಂದು. ಲಾಭವಾದ ವರ್ಷ, ಆಗದ ವರ್ಷ ಎಂಬ ಭೇದ ಅಲ್ಲಿರಲಿಲ್ಲ. ಸರಕು ಕೈಬದಲಾದಲ್ಲೆಲ್ಲ ಹೊಣೆ ಹುಟ್ಟುತ್ತಿತ್ತು. ಎರಡನೆಯದಾಗಿ, ದತ್ತಿಯು ಊರವರ ಕಣ್ಣಮುಂದೆ ಕಲ್ಲಿನ ಮೇಲೆ ನಿಲ್ಲುತ್ತಿತ್ತು. ತಪ್ಪಿದವನಿಗೆ ಶಾಪವಾಕ್ಯ ಕಾದಿತ್ತು. ಇಂದು ಅದರ ಸ್ಥಾನದಲ್ಲಿ 2021ರಿಂದ ಹಣದ ದಂಡವಿದೆ. ಮೂರನೆಯದಾಗಿ, ಅದು ಮಾಡಿ ಮುಗಿಸುವ ಕಾರ್ಯವಾಗಿರದೆ ನಡೆಸಿಕೊಂಡುಬರುವ ಕಾರ್ಯವಾಗಿತ್ತು. ಕದಂಬ ಕಾಕುತ್ಸ್ಥವರ್ಮನು ಕಟ್ಟಿಸಿದ ಕೆರೆಯನ್ನು 5ನೆಯ ಶತಮಾನದ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಅನಂತರದ ಕಾಲದಲ್ಲಿ ಕೆರೆಗಳ ದುರಸ್ತಿಗೆಂದೇ ಬಿತ್ತುವಟ್ಟವನ್ನು ಬಿಡುವ ಪದ್ಧತಿ ನಾಡಿನಲ್ಲಿ ಬೆಳೆಯಿತು. ಇಂದಿನ ನಿಯಮದಲ್ಲಾದರೊ ಮುಂದುವರಿಯುವ ಯೋಜನೆಗೂ ಆರಂಭದ ವರ್ಷವನ್ನು ಬಿಟ್ಟು ಮೂರೇ ವರ್ಷಗಳ ಅವಧಿ. ಕೆರೆಯ ಹೂಳೆತ್ತಿಸಲು ಅಷ್ಟು ಸಾಕು. ಕೆರೆಯನ್ನು ಉಳಿಸಲು ಸಾಲದು.

ಹಾಗೆಂದು ಹಿಂದಿನದೆಲ್ಲ ಮೇಲೆಂದು ನಾವು ಹೇಳುವುದಿಲ್ಲ. ದಾನಿಗೆ ಪುಣ್ಯ, ಸಂಘಕ್ಕೆ ಕೀರ್ತಿ, ಇವೇ ದತ್ತಿಯ ಘೋಷಿತ ಫಲಗಳು. ಹೇರು ಹೊತ್ತವನ, ನೂಲು ನೇಯ್ದವನ ಮಾತು ಪ್ರಶಸ್ತಿಗಳಲ್ಲಿ ಕೇಳಿಸದು. ಸಂಘವು ದೇವರಿಗೆ ಕೊಟ್ಟ ಲೆಕ್ಕ ನಮಗೆ ದೊರೆಯುತ್ತದೆ. ಕೂಲಿಗೆ ಕೊಟ್ಟ ಲೆಕ್ಕ ದೊರೆಯುವುದಿಲ್ಲ.

ಇದೇ ಕೊರತೆ ಇಂದಿನ ಕಟ್ಟಳೆಯಲ್ಲಿಯೂ ಇದೆ. ಆರ್ಚೀ ಕ್ಯಾರಲ್ ಅವರು 1991ರಲ್ಲಿ ವಾಣಿಜ್ಯದ ಹೊಣೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು: ಆರ್ಥಿಕ, ಶಾಸನಬದ್ಧ, ನೈತಿಕ, ಕೊನೆಯದಾಗಿ ದಾನಸಂಬಂಧಿ. 135ನೆಯ ಪ್ರಕರಣವು ಹಿಡಿದುದು ತುದಿಯ ಮೆಟ್ಟಿಲನ್ನು. 1951ರಲ್ಲಿ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎತ್ತಿದ ಪ್ರಶ್ನೆ ದಾನದ್ದಲ್ಲ, ಗೇಣಿ ಅಳೆಯುವ ಕೊಳಗದ್ದು. ಕೊಳಗ ಸರಿಯಿಲ್ಲದ ಕಡೆ ದತ್ತಿಯ ಹಿರಿಮೆಯನ್ನು ಹಾಡುವುದು ವ್ಯರ್ಥ. ತೂಕ, ಬೆಲೆ, ಕೂಲಿಗಳ ನ್ಯಾಯವೇ ವಾಣಿಜ್ಯದ ಮೊದಲ ಹೊಣೆ. ಶೇಕಡ 2 ಅದಕ್ಕೆ ಪರ್ಯಾಯವಾಗಲಾರದು.

ಮತ್ತೊಂದು ಅಂಶವುಂಟು. ಆಯವು ಸಂತೆಯಲ್ಲಿ ಹುಟ್ಟಿ ಅಲ್ಲಿಯೇ ಉಳಿಯುತ್ತಿತ್ತು. ಲಾಭವಾದರೊ ಕಂಪೆನಿಯ ಕೇಂದ್ರ ಕಚೇರಿಯ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ಭತ್ತ, ಅಡಕೆ, ಜೋಳಗಳನ್ನು ಬೆಳೆದು ಹೊರಗೆ ಕಳುಹಿಸುವ ಈ ತಾಲ್ಲೂಕುಗಳನ್ನು ಪ್ರದೇಶದ ಆದ್ಯತೆ ತಾನಾಗಿ ಮುಟ್ಟುವುದಿಲ್ಲ. ಆದರೆ ಬಾಗಿಲು ಮುಚ್ಚಿಲ್ಲ. ಅದೇ ಅನುಸೂಚಿಯು ಐತಿಹಾಸಿಕ ಸ್ಥಳಗಳ ರಕ್ಷಣೆಯನ್ನೂ ಸಾಂಪ್ರದಾಯಿಕ ಕರಕುಶಲಗಳ ಪೋಷಣೆಯನ್ನೂ ಒಪ್ಪುತ್ತದೆ. ಬಳ್ಳಿಗಾವೆ, ತಾಳಗುಂದ, ಬಂದಳಿಕೆ, ಕುಬಟೂರುಗಳ ಪರಿಸರಕ್ಕೂ ಸೊರಬದ ಗುಡಿಗಾರರ ಗಂಧದ ಕೆತ್ತನೆಗೂ ಇಲ್ಲಿ ಎಡೆಯುಂಟು. ಗುಡಿಗಾರನಿಗೆ ಬೇಕಾದುದು ಒಂದು ದಿನದ ಸನ್ಮಾನವಲ್ಲ. ವರ್ಷ ವರ್ಷವೂ ದೊರೆಯುವ ಮರ, ನಿಲ್ಲುವ ಮಾರುಕಟ್ಟೆ, ಕಲಿಯಬಂದ ಹುಡುಗನಿಗೆ ಜೀವನೋಪಾಯ.

ಆದಕಾರಣ ನಮ್ಮ ನಿರ್ಣಯವಿಷ್ಟು. ಬಳ್ಳಿಗಾವೆಯ ದತ್ತಿಯೂ ಇಂದಿನ ಕಟ್ಟಳೆಯೂ ಒಂದೇ ವಂಶದವಲ್ಲ. ಆದರೂ ಕೊಡುವ ಕಾರ್ಯವು ವ್ಯಾಪಾರ ನಡೆದ ನೆಲಕ್ಕೆ ಅಂಟಿಕೊಂಡಿರಬೇಕು, ಊರವರಿಗೆ ಕಾಣುವಂತಿರಬೇಕು, ನಿರ್ವಹಣೆಯ ಮಾತನ್ನು ಮೊದಲೇ ಬರೆದಿರಬೇಕು ಎಂಬ ಮೂರು ಪಾಠಗಳನ್ನು ಆ ಕಲ್ಲುಗಳಿಂದ ಕಲಿಯಬಹುದು. ನಾಲ್ಕನೆಯದು, ಕೊಳಗದ ಪಾಠ; ಅದನ್ನು ಕಲಿಸಿದವರು ಕಾಗೋಡಿನ ರೈತರು.